ಸುಧಾರಣೆ ತಂದವರು ಯಾಕೆ ಸೋಲುತ್ತಾರೆ, ಹಂಚಿದವರು ಯಾಕೆ ಗೆಲ್ಲುತ್ತಾರೆ?

ಮುಂಗಾರು:
ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಪೆರು ದೇಶದ ಕಥೆ ಓದುತ್ತಿದ್ದೇನೆ. ತಲೆಯಿಂದ ಹೋಗುತ್ತಲೇ ಇಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

1985ರಲ್ಲಿ ಅಲನ್ ಗಾರ್ಸಿಯಾ ಅಧ್ಯಕ್ಷರಾದಾಗ ಅವರಿಗೆ 36 ವರ್ಷ. ರಫ್ತಿನ ಆದಾಯದಲ್ಲಿ ಶೇ. 10ಕ್ಕಿಂತ ಜಾಸ್ತಿ ವಿದೇಶಿ ಸಾಲಕ್ಕೆ ಕಟ್ಟುವುದಿಲ್ಲ ಎಂದರು. ಸಂಬಳ ಏರಿಸಿದರು, ಬೆಲೆಗಳನ್ನು ಕಟ್ಟಿಹಾಕಿದರು. ಎರಡು ವರ್ಷ ಎಲ್ಲರ ಮುಖದಲ್ಲೂ ಕಳೆ ಇತ್ತು. ಆಮೇಲೆ ಡಾಲರ್ ಖಾಲಿಯಾಯಿತು, ನೋಟು ಅಚ್ಚು ಹಾಕಿದರು. 1990ರ ಹೊತ್ತಿಗೆ ಹಣದುಬ್ಬರ ವರ್ಷಕ್ಕೆ ಶೇ. 7,000 ದಾಟಿತು.

ನನ್ನನ್ನು ಕಾಡುತ್ತಿರುವುದು ಇದರ ಮುಂದಿನದು. 1990ರ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿ ಕಹಿ ಔಷಧಿ ಕುಡಿಯಲೇಬೇಕು ಅಂತ ಮೊದಲೇ ಹೇಳಿ ಮತ ಕೇಳಿದರು. ಸೋತರು. ಬೆಲೆಗಳನ್ನು ಒಮ್ಮೆಲೇ ಏರಲು ಬಿಡುವ ಆ ಶಾಕ್ ಬೇಡ ಎಂದ ಇನ್ನೊಬ್ಬ ಅಭ್ಯರ್ಥಿ ಫುಜಿಮೊರಿ ಗೆದ್ದರು. ಅಧಿಕಾರಕ್ಕೆ ಬಂದು ಎರಡು ವಾರ ಕಳೆಯುವುದರೊಳಗೆ, ಆಗಸ್ಟ್ 8ರಂದು, ಅದೇ ಶಾಕ್ ಕೊಟ್ಟರು. ಪೆಟ್ರೋಲ್ ಬೆಲೆ ರಾತ್ರೋರಾತ್ರಿ ಸುಮಾರು 30 ಪಟ್ಟಾಯಿತು. ಟಿವಿಯಲ್ಲಿ ಇದನ್ನೆಲ್ಲ ಓದಿ ಹೇಳಿದ ಮಂತ್ರಿ ಕೊನೆಗೆ, ದೇವರೇ ನಮ್ಮನ್ನು ಕಾಪಾಡಲಿ ಎಂದರು.

ನನ್ನ ಪ್ರಶ್ನೆ ಎರಡು. ಕೈ ಸುಟ್ಟುಕೊಂಡ ಜನ ಮತ್ತೆ ಅಂಥವರನ್ನೇ ಯಾಕೆ ಆರಿಸುತ್ತಾರೆ? ನಿಜ ಹೇಳಿ, ಸುಧಾರಣೆ ಮಾಡಿ, ಮತ್ತೆ ಗೆದ್ದವರು ಯಾವ ಬಡ ದೇಶದಲ್ಲಾದರೂ ಇದ್ದಾರಾ?

ಲೆಕ್ಕದ_ಪುಸ್ತಕ:
ಒಳ್ಳೇ ಪ್ರಶ್ನೆ. ನೀವು ಹೇಳಿದ ಪೆರು ಕಥೆ ಪಾಠಕ್ಕೆ ಇಟ್ಟಂತಿದೆ. ಡಾರ್ನ್‌ಬುಷ್ ಮತ್ತು ಎಡ್ವರ್ಡ್ಸ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಲ್ಯಾಟಿನ್ ಅಮೆರಿಕದ ಅನುಭವ ನೋಡಿ ಇದಕ್ಕೆ ನಾಲ್ಕು ಹಂತ ಗುರುತಿಸಿದ್ದರು. ಮೊದಲು ಖುಷಿ: ಸಂಬಳ ಏರುತ್ತದೆ, ಕಾರ್ಖಾನೆಗಳು ಓಡುತ್ತವೆ, ಟೀಕೆ ಮಾಡಿದವರೆಲ್ಲ ತಪ್ಪು ಅನ್ನಿಸುತ್ತದೆ. ಆಮೇಲೆ ಸರಕಿನ ಕೊರತೆ, ಡಾಲರ್ ಕೊರತೆ. ಮೂರನೆಯದು ಬೆಲೆ ಹಾರುವುದು, ಹಣ ದೇಶ ಬಿಟ್ಟು ಓಡುವುದು. ನಾಲ್ಕನೆಯದರಲ್ಲಿ ಇನ್ನೊಂದು ಸರ್ಕಾರ ಬಂದು ಬಿಗಿ ಹಿಡಿಯುತ್ತದೆ. ಅಷ್ಟರಲ್ಲಿ ಕೂಲಿಯವನ ನಿಜವಾದ ಸಂಬಳ ಶುರುವಿನಲ್ಲಿ ಇದ್ದದ್ದಕ್ಕಿಂತಲೂ ಕೆಳಗೆ ಹೋಗಿರುತ್ತದೆ. ನನಗೆ ಹೊಟ್ಟೆ ಉರಿಯುವುದು ಈ ಕೊನೆಯ ಸಾಲಿಗೆ. ಯಾರ ಹೆಸರಿನಲ್ಲಿ ಶುರುವಾಯಿತೋ ಅವರೇ ಜಾಸ್ತಿ ಕಳೆದುಕೊಳ್ಳುತ್ತಾರೆ.

ಇತ್ತೀಚಿನ ಅಧ್ಯಯನವೂ ಇದೆ. ಫುಂಕೆ, ಶುಲಾರಿಕ್, ಟ್ರೆಬೆಷ್ ಎಂಬ ಮೂವರು 1900ರಿಂದ ಈಚೆಗಿನ 51 ಪಾಪ್ಯುಲಿಸ್ಟ್ ನಾಯಕರ (ಮೇಲಿನವರ ವಿರುದ್ಧ ಜನರ ಪರ ನಾನೇ ಅಂತ ಹೇಳಿಕೊಂಡು ಬರುವವರು) ಆಡಳಿತ ನೋಡಿದ್ದಾರೆ. 15 ವರ್ಷದ ನಂತರ ತಲಾ ಆದಾಯ, ಅವರಿಲ್ಲದಿದ್ದರೆ ಎಷ್ಟಿರುತ್ತಿತ್ತೋ ಅದಕ್ಕಿಂತ ಸುಮಾರು ಶೇ. 10ರಷ್ಟು ಕಡಿಮೆ ಇತ್ತು.

ಪ್ರಶ್ನಾರ್ಥಕ:
ಸರ್, ಕಥೆಯನ್ನು ಗಾರ್ಸಿಯಾ ಅವರಿಂದ ಯಾಕೆ ಶುರು ಮಾಡುತ್ತೀರಿ? ಅವರಿಗಿಂತ ಮುಂಚೆ ಜನರ ಹೊಟ್ಟೆ ತುಂಬಿತ್ತಾ? 1982ರ ಸಾಲದ ಬಿಕ್ಕಟ್ಟಿನಲ್ಲಿ ಆ ಇಡೀ ಖಂಡವೇ ಕುಸಿದಿತ್ತು. ಅಂಥ ಹೊತ್ತಿನಲ್ಲಿ ಬರುವ ನಾಯಕನನ್ನು ಮಾತ್ರ ನೋಡಿ ಜನಕ್ಕೆ ಬುದ್ಧಿ ಇಲ್ಲ ಅನ್ನುವುದು ಅನ್ಯಾಯ.

ಲೆಕ್ಕದ_ಪುಸ್ತಕ:
ಜನಕ್ಕೆ ಬುದ್ಧಿ ಇಲ್ಲ ಅಂತ ನಾನು ಹೇಳಲೇ ಇಲ್ಲವಲ್ಲ.

ಪ್ರಶ್ನಾರ್ಥಕ:
ನೀವಲ್ಲ, ಪ್ರಶ್ನೆಯ ಧಾಟಿ ಹಾಗಿದೆ. ಬೊಲಿವಿಯಾ ನೋಡಿ. 1985ರ ಆಗಸ್ಟ್ 29ರಂದು ಬೆಲೆಗಳನ್ನು ಮಾರುಕಟ್ಟೆಗೆ ಬಿಡುವ, ಸರ್ಕಾರದ ಖರ್ಚು ಕಡಿಯುವ 21060 ಎಂಬ ನಂಬರಿನ ಆದೇಶ ಬಂತು. ಹೊರಡಿಸಿದ್ದು ಅಧ್ಯಕ್ಷ ಪಾಸ್ ಎಸ್ಟೆನ್ಸೊರೊ. 1952ರಲ್ಲಿ ತವರದ ಗಣಿಗಳನ್ನು ರಾಷ್ಟ್ರೀಕರಣ ಮಾಡಿದ್ದೂ ಅವರೇ. ಹಣದುಬ್ಬರ ಕೆಲವೇ ವಾರಗಳಲ್ಲಿ ನಿಂತಿತು, ಒಪ್ಪುತ್ತೇನೆ. ಆದರೆ ಸರ್ಕಾರಿ ಗಣಿ ಕಂಪನಿಯಿಂದ 20,000ಕ್ಕೂ ಜಾಸ್ತಿ ಕಾರ್ಮಿಕರು ಕೆಲಸ ಕಳೆದುಕೊಂಡರು. ಹಲವರು ಗಂಟುಮೂಟೆ ಕಟ್ಟಿಕೊಂಡು ಎಲ್ ಆಲ್ಟೋ ಬೆಟ್ಟದ ಮೇಲಿನ ಊರಿಗೆ, ಚಪಾರೆಯ ಕೋಕಾ (ಕೊಕೇನ್ ತೆಗೆಯುವ ಎಲೆ) ತೋಟಗಳಿಗೆ ಹೋದರು. ಇಪ್ಪತ್ತು ವರ್ಷದ ನಂತರ ಎವೊ ಮೊರಾಲೆಸ್ ಅಧ್ಯಕ್ಷರಾಗಿ ಗೆದ್ದು ಬಂದದ್ದು ಇದೇ ಚಪಾರೆಯಿಂದ. ಸುಧಾರಣೆ ಯಾರನ್ನು ಬೀದಿಗೆ ಹಾಕುತ್ತದೋ ಅವರು ಎಲ್ಲಿಗೂ ಮಾಯವಾಗುವುದಿಲ್ಲ. ಮತದಾರರಾಗಿ ವಾಪಸ್ ಬರುತ್ತಾರೆ.

ಮುಂಗಾರು:
ಇದು ನನಗೆ ಗೊತ್ತಿರಲಿಲ್ಲ. ಧನ್ಯವಾದ.

ಕಡಲಾಚೆ:
ಪ್ರಶ್ನಾರ್ಥಕ ಅವರ ಮಾತಿಗೆ ಇನ್ನೊಂದು ಸೇರಿಸುತ್ತೇನೆ. ವೆನೆಜುವೆಲಾ. ಕಾರ್ಲೋಸ್ ಆಂಡ್ರೆಸ್ ಪೆರೆಸ್ ಹಳೆಯ ಒಳ್ಳೇ ದಿನಗಳನ್ನು ನೆನಪಿಸಿ ಗೆದ್ದರು. 1989ರ ಫೆಬ್ರವರಿ 2ರಂದು ಅಧಿಕಾರಕ್ಕೆ ಬಂದರು, ಎರಡು ವಾರಕ್ಕೆ ಬೆಲೆ ಏರಿಕೆಯ ಪಟ್ಟಿ ಓದಿದರು. ಫೆಬ್ರವರಿ 27ರ ಬೆಳಿಗ್ಗೆ ಕೆಲಸಕ್ಕೆ ಹೊರಟವರು ಬಸ್ ಹತ್ತಿದಾಗಲೇ ಗೊತ್ತಾಗಿದ್ದು: ಸರ್ಕಾರ ಹೇಳಿದ್ದಕ್ಕಿಂತಲೂ ಜಾಸ್ತಿ ಟಿಕೆಟ್ ಕೇಳುತ್ತಿದ್ದಾರೆ. ಜಗಳ ಬಸ್ಸಿನ ಬಾಗಿಲಲ್ಲೇ ಶುರುವಾಯಿತು. ಸಂಜೆಗೆ ಕರಾಕಸ್ ಹೊತ್ತಿ ಉರಿಯುತ್ತಿತ್ತು. ಸೈನ್ಯ ಗುಂಡು ಹಾರಿಸಿತು. ಸರ್ಕಾರಿ ಲೆಕ್ಕದಲ್ಲೇ 276 ಜನ ಸತ್ತರು.

ಇಲ್ಲೊಂದು ವಿಷಯ ಗಮನಿಸಿ. 1991ರಲ್ಲಿ ಆ ದೇಶ ಸುಮಾರು ಶೇ. 10ರಷ್ಟು ಬೆಳೆಯಿತು. ಅಂದರೆ ಅಂಕಿಗಳು ಚೆನ್ನಾಗಿದ್ದವು. ಆದರೂ 1992ರ ಫೆಬ್ರವರಿಯಲ್ಲಿ ಚಾವೆಸ್ ಎಂಬ ಸೈನ್ಯಾಧಿಕಾರಿ ಕ್ಷಿಪ್ರಕ್ರಾಂತಿಗೆ ಕೈ ಹಾಕಿ ಸೋತು ಜೈಲಿಗೆ ಹೋದರು, 1998ರಲ್ಲಿ ಅವರನ್ನೇ ಜನ ಅಧ್ಯಕ್ಷರನ್ನಾಗಿ ಮಾಡಿದರು. ಬೆಳವಣಿಗೆ ಬಂದರೂ ನಂಬಿಕೆ ವಾಪಸ್ ಬರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರಲ್ಲ, ಹಾಗೆ.

ಸಾಲುಮರ:
ನಿಜ. ಏಟು ಬಿದ್ದಿದ್ದಕ್ಕಿಂತ ಹೇಳದೆ ಹೊಡೆದದ್ದು ಜನಕ್ಕೆ ಜಾಸ್ತಿ ನೋಯುತ್ತದೆ.

ತಿರುಗಾಡಿ:
2012ರ ಜನವರಿಯಲ್ಲಿ ನಾನು ಕೆಲಸದ ಮೇಲೆ ಲಾಗೋಸ್‌ನಲ್ಲಿದ್ದೆ. ಹೊಸ ವರ್ಷದ ದಿನವೇ ನೈಜೀರಿಯಾ ಸರ್ಕಾರ ಪೆಟ್ರೋಲ್ ಸಬ್ಸಿಡಿ ತೆಗೆದುಹಾಕಿತು. ಲೀಟರಿಗೆ 65 ನೈರಾ ಇದ್ದದ್ದು 141ಕ್ಕೆ ಹೋಯಿತು. ಜನವರಿ 9ರಿಂದ ದೇಶಕ್ಕೆ ದೇಶವೇ ಮುಷ್ಕರ. 16ಕ್ಕೆ ಸರ್ಕಾರ ಬೆಲೆಯನ್ನು 97ಕ್ಕೆ ಇಳಿಸಿತು.

ಆಗ ದೊಡ್ಡ ದೊಡ್ಡವರು ಟಿವಿಯಲ್ಲಿ ಕೂತು, ಸಬ್ಸಿಡಿ ಸಿಗುವುದು ಕಾರು ಇರುವ ಸಾಹುಕಾರರಿಗೆ, ಬಡವರಿಗಲ್ಲ ಅನ್ನುತ್ತಿದ್ದರು. ಲೆಕ್ಕದಲ್ಲಿ ಅದು ಸರಿಯೇ. ಆದರೆ ನಾನಿದ್ದ ಮನೆಯ ಕೆಳಗೆ ಒಬ್ಬ ದರ್ಜಿ ಇದ್ದ. ಅವನ ಬಳಿ ಚಿಕ್ಕದೊಂದು ಜನರೇಟರ್. ಅಲ್ಲಿ ಅದಕ್ಕೆ ಜನ ಇಟ್ಟಿರುವ ಹೆಸರು 'ಐ ಬೆಟರ್ ಪಾಸ್ ಮೈ ನೇಬರ್', ಅಂದರೆ ಪಕ್ಕದ ಮನೆಯವನಿಗಿಂತ ನಾನೇ ಮೇಲು ಅಂತ. ದಿನದಲ್ಲಿ ಹೆಚ್ಚು ಹೊತ್ತು ಕರೆಂಟ್ ಇರುತ್ತಿರಲಿಲ್ಲ. ಹೊಲಿಗೆ ಮೆಷಿನ್, ಇಸ್ತ್ರಿ ಪೆಟ್ಟಿಗೆ, ಒಂದು ಬಲ್ಬು, ಎಲ್ಲ ಓಡುತ್ತಿದ್ದದ್ದು ಪೆಟ್ರೋಲಿನಿಂದ. ಅವನು ನನ್ನನ್ನು ಕೇಳಿದ್ದು ಒಂದೇ ಮಾತು: ಸರ್ಕಾರ ನನ್ನ ಹತ್ತಿರ ಕಿತ್ತುಕೊಂಡ ದುಡ್ಡಲ್ಲಿ ನನಗೆ ಕರೆಂಟ್ ಕೊಡುತ್ತಾ? ನನಗೆ ಉತ್ತರ ಹೇಳಲಾಗಲಿಲ್ಲ. ಅಲ್ಲಿನ ಜನಕ್ಕೆ ಸರ್ಕಾರದಿಂದ ಕಣ್ಣಿಗೆ ಕಾಣುವಂತೆ ಸಿಗುತ್ತಿದ್ದದ್ದು ಅಗ್ಗದ ಪೆಟ್ರೋಲ್ ಒಂದೇ. ಅದನ್ನೂ ತೆಗೆದರೆ ಸಿಟ್ಟು ಬರದೆ ಇರುತ್ತದಾ?

ಹಳೇ_ಮೇಷ್ಟ್ರು:
ತಿರುಗಾಡಿಯವರೇ, ಆ ದರ್ಜಿ ಕೇಳಿದ ಪ್ರಶ್ನೆಯೇ ಈ ಚರ್ಚೆಯ ಗುಟ್ಟು. ಮುಂಗಾರು ಅವರ ಎರಡನೇ ಪ್ರಶ್ನೆಗೂ ಉತ್ತರ ಅದರಲ್ಲೇ ಇದೆ. ಇಂಡೋನೇಷ್ಯಾವನ್ನು ಎರಡು ಸಲ ನೋಡಿ.

1998ರ ಮೇ ತಿಂಗಳು. ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಜೊತೆಗಿನ ಒಪ್ಪಂದದಂತೆ ಅಧ್ಯಕ್ಷ ಸುಹಾರ್ತೊ ಇಂಧನ ಬೆಲೆ ಏರಿಸಿದರು. ದಂಗೆ ಎದ್ದಿತು, 21ನೇ ತಾರೀಖು ರಾಜೀನಾಮೆ ಕೊಟ್ಟರು. 32 ವರ್ಷದ ಆಳ್ವಿಕೆ ಮೂರು ವಾರದಲ್ಲಿ ಮುಗಿಯಿತು.

2005ರ ಅಕ್ಟೋಬರ್. ಅದೇ ದೇಶ. ಯುಧೊಯೊನೊ ಅಧ್ಯಕ್ಷರು. ಇಂಧನ ಬೆಲೆ ಸರಾಸರಿ ಎರಡು ಪಟ್ಟಿಗಿಂತ ಜಾಸ್ತಿಯಾಯಿತು. ಸೀಮೆಎಣ್ಣೆ ಲೀಟರಿಗೆ 700 ರುಪಿಯಾ ಇದ್ದದ್ದು 2,000. ಆದರೆ ಈ ಸಲ ಬಡ ಮನೆಗಳಿಗೆ ತಿಂಗಳಿಗೆ 1 ಲಕ್ಷ ರುಪಿಯಾ ಲೆಕ್ಕದಲ್ಲಿ ಮೂರು ತಿಂಗಳಿನದು ಒಟ್ಟಿಗೆ, 3 ಲಕ್ಷ, ಅಂಚೆ ಕಚೇರಿಯಲ್ಲಿ ಕೈಗೆ ಕೊಟ್ಟರು. ಪಟ್ಟಿಯಲ್ಲಿ ಹೆಸರಿಲ್ಲ ಅಂತ ಎಷ್ಟೋ ಕಡೆ ಜಗಳವಾಯಿತು. ಆದರೂ ಸರ್ಕಾರ ಬೀಳಲಿಲ್ಲ. 2009ರಲ್ಲಿ ಯುಧೊಯೊನೊ ಮೊದಲ ಸುತ್ತಿನಲ್ಲೇ ಸುಮಾರು ಶೇ. 60 ಮತ ಪಡೆದು ಗೆದ್ದರು.

2007ರಿಂದ ಇನ್ನೂ ಒಂದು ಹೆಜ್ಜೆ ಹೋದರು. ಸೀಮೆಎಣ್ಣೆ ಒಲೆ ಬಿಡಿ ಅಂತ ಉಪದೇಶ ಮಾಡುವ ಬದಲು, 3 ಕಿಲೋ ಗ್ಯಾಸ್ ಸಿಲಿಂಡರ್ ಮತ್ತು ಒಲೆಯನ್ನು ಕೋಟಿಗಟ್ಟಲೆ ಮನೆಗಳಿಗೆ ಪುಕ್ಕಟೆ ಕೊಟ್ಟರು. ಹೊಸ ಒಲೆ ಹೊತ್ತಿದ ಮೇಲೆ ಹಳೆಯ ಎಣ್ಣೆ ಹಿಂದಕ್ಕೆ ತೆಗೆದುಕೊಂಡರು. ಕೊಟ್ಟು ತೆಗೆದುಕೊಳ್ಳುವುದಕ್ಕೂ ಕಿತ್ತುಕೊಂಡು ಮುಂದೆ ಕೊಡುತ್ತೇನೆ ಅನ್ನುವುದಕ್ಕೂ ಭೂಮಿ ಆಕಾಶದಷ್ಟು ವ್ಯತ್ಯಾಸ.

ಬಿಡಿಮಾತು:
ಮೇಷ್ಟ್ರೇ, ಒಂದು ತಿದ್ದುಪಡಿ. 2009ರ ಚುನಾವಣೆಗೆ ಸ್ವಲ್ಪ ಮುಂಚೆ ಅವರು ಇಂಧನ ಬೆಲೆಯನ್ನು ಒಂದಲ್ಲ, ಮೂರು ಸಲ ಇಳಿಸಿದ್ದರು. ಗೆದ್ದದ್ದಕ್ಕೆ ಅದೂ ಕಾರಣ.

ಹಳೇ_ಮೇಷ್ಟ್ರು:
ಸರಿ, ಒಪ್ಪಿದೆ. ಆಗ ಜಗತ್ತಿನಲ್ಲೇ ತೈಲ ಬೆಲೆ ಕುಸಿದಿತ್ತು, ಇಳಿಸಲು ಜಾಗವಿತ್ತು. ಬೆಲೆ ಇಳಿದರೆ ಜನಕ್ಕೂ ಇಳಿಸುತ್ತೇವೆ ಅಂತ ಮಾಡಿ ತೋರಿಸಿದರೆ ಏರಿಸುವಾಗ ನಂಬುತ್ತಾರೆ. ಆದರೆ ನೀವು ಹೇಳಿದ್ದನ್ನು ನಾನು ಬಿಟ್ಟಿದ್ದು ತಪ್ಪು.

ನೇರನುಡಿ:
ಇಷ್ಟೆಲ್ಲ ಯಾಕೆ? ಪೂರ್ವ ಏಷ್ಯಾದವರು ಮಾರುಕಟ್ಟೆ ಬಿಟ್ಟುಕೊಟ್ಟರು, ಮುಂದೆ ಬಂದರು. ಲ್ಯಾಟಿನ್ ಅಮೆರಿಕದವರು ಹಂಚುತ್ತಾ ಕೂತರು, ಹಿಂದೆ ಉಳಿದರು. ಮುಗೀತು.

ಸಂಜೆಗಾಳಿ:
ಮುಗಿಯಲಿಲ್ಲ ಸರ್. ದಕ್ಷಿಣ ಕೊರಿಯಾ, ತೈವಾನ್ ಎರಡೂ ಮೊದಲು ಭೂಮಿ ಹಂಚಿದವು. ಆಮೇಲೆ ಯಾವ ಉದ್ಯಮಕ್ಕೆ ಸಾಲ ಸಿಗಬೇಕು ಅನ್ನುವುದರಲ್ಲೂ ಸರ್ಕಾರದ ಕೈ ಇತ್ತು. ಚೀನಾ ಕೂಡ ಒಂದೇ ದಿನ ಬೆಲೆಗಳನ್ನು ಮಾರುಕಟ್ಟೆಗೆ ಬಿಡಲಿಲ್ಲ. ಕೋಟಾದಷ್ಟು ಸರಕು ಸರ್ಕಾರದ ಬೆಲೆಗೆ, ಅದಕ್ಕಿಂತ ಜಾಸ್ತಿ ಬೆಳೆದದ್ದು, ತಯಾರಿಸಿದ್ದು ಮಾರುಕಟ್ಟೆ ಬೆಲೆಗೆ. ಹೀಗೆ ಎರಡು ಹಳಿಯ ಮೇಲೆ ಓಡಿಸಿದರು. ಯಾರೂ ಇದ್ದದ್ದನ್ನು ಕಳೆದುಕೊಳ್ಳಲಿಲ್ಲ, ದುಡಿದವನಿಗೆ ಮಾತ್ರ ಜಾಸ್ತಿ ಸಿಕ್ಕಿತು. 1988ರಲ್ಲಿ ಬೆಲೆಗಳನ್ನೆಲ್ಲ ಬೇಗ ಬಿಟ್ಟುಬಿಡೋಣ ಅಂತ ಹೊರಟಾಗ ಜನ ಬ್ಯಾಂಕಿನಿಂದ ದುಡ್ಡು ತೆಗೆದು ಸಿಕ್ಕಿದ್ದೆಲ್ಲ ಕೊಂಡುಕೊಂಡರು. ಸರ್ಕಾರ ಹಿಂದೆ ಸರಿಯಿತು.

ವಿಯೆಟ್ನಾಂ ನನಗೆ ಇನ್ನೂ ಇಷ್ಟ. 1986ರಲ್ಲಿ ಹಣದುಬ್ಬರ ಶೇ. 700 ದಾಟಿತ್ತು, ಅಕ್ಕಿ ಹೊರಗಿನಿಂದ ಬರುತ್ತಿತ್ತು. 1988ರಲ್ಲಿ ಜಮೀನನ್ನು ರೈತ ಕುಟುಂಬಗಳಿಗೆ ದೀರ್ಘ ಅವಧಿಗೆ ಬಿಟ್ಟುಕೊಟ್ಟರು. 1989ರಲ್ಲಿ ಅದೇ ದೇಶ ಸುಮಾರು 14 ಲಕ್ಷ ಟನ್ ಅಕ್ಕಿ ರಫ್ತು ಮಾಡಿತು. ಅಲ್ಲಿ ಮಾರುಕಟ್ಟೆ ಸುಧಾರಣೆ ಅಂದರೆ ರೈತನ ಕಣಜ ತುಂಬಿದ್ದು. ಅದೇ ಜನಕ್ಕೆ ಇಷ್ಟವಾದ ಕೆಲಸವೂ ಆಯಿತು.

ನೇರನುಡಿ:
ಆದರೆ ಚೀನಾ, ವಿಯೆಟ್ನಾಂ ಎರಡರಲ್ಲೂ ಚುನಾವಣೆಯ ಭಯ ಇಲ್ಲ. ಮತ ಹಾಕುವ ದೇಶದಲ್ಲಿ ಹೀಗೆ ನಿಧಾನ ಮಾಡಿದರೆ ಐದು ವರ್ಷಕ್ಕೆ ಮನೆಗೆ ಕಳಿಸುತ್ತಾರೆ. ಭಾರತದಲ್ಲೇ 1991ರ ಬಜೆಟ್‌ನಲ್ಲಿ ರಸಗೊಬ್ಬರದ ಬೆಲೆ ಶೇ. 40 ಏರಿಸುತ್ತೇವೆ ಎಂದರು. ವಿರೋಧ ಬಂದ ಮೇಲೆ ಶೇ. 30ಕ್ಕೆ ಇಳಿಸಿದರು, ಸಣ್ಣ ರೈತರನ್ನು ಕೈಬಿಟ್ಟರು.

ಸಂಜೆಗಾಳಿ:
ಅದು ಸೋಲಲ್ಲ ಸರ್. ಅಷ್ಟು ಬಗ್ಗಿದ್ದರಿಂದಲೇ ಉಳಿದ ಸುಧಾರಣೆಗಳು ಉಳಿದುಕೊಂಡವು ಅಂತ ನನ್ನ ನಂಬಿಕೆ.

ಪದಸಂಗ್ರಹ:
ವಿಷಯಾಂತರಕ್ಕೆ ಕ್ಷಮೆ ಇರಲಿ. ಪಾಪ್ಯುಲಿಸಂ ಅನ್ನುವುದಕ್ಕೆ ಕನ್ನಡದಲ್ಲಿ ಏನು ಹೇಳೋಣ? ಪತ್ರಿಕೆಗಳಲ್ಲಿ ಜನಪ್ರಿಯ ಯೋಜನೆ ಅಂತಾರೆ. ಅದು ಸರಿಯಲ್ಲ ಅನ್ನಿಸುತ್ತದೆ, ಒಳ್ಳೇ ಕೆಲಸವೂ ಜನಪ್ರಿಯ ಆಗಬಹುದಲ್ವಾ?

ಸಾಲುಮರ:
ಜನಮರುಳು ರಾಜಕಾರಣ?

ಪ್ರಶ್ನಾರ್ಥಕ:
ಬೇಡ. ಅದರಲ್ಲಿ ಜನ ಮರುಳರು ಅನ್ನುವ ಅರ್ಥ ಬರುತ್ತದೆ. ಹಂಚುವುದೆಲ್ಲ ಪಾಪ್ಯುಲಿಸಂ ಅಲ್ಲ. ಬ್ರೆಜಿಲ್‌ನ ಬೋಲ್ಸಾ ಫಮಿಲಿಯಾ ಎಷ್ಟು ದೊಡ್ಡ ಹೆಸರು ಮಾಡಿತು! ಮಕ್ಕಳನ್ನು ಶಾಲೆಗೆ ಕಳಿಸಿದರೆ ತಾಯಿಯ ಕೈಗೆ ಹಣ. ಅದಕ್ಕೆ ತಗುಲುತ್ತಿದ್ದದ್ದು ದೇಶದ ಜಿಡಿಪಿಯಲ್ಲಿ ಸುಮಾರು ಶೇ. 0.5 ಮಾತ್ರ. ತೆರಿಗೆಯಿಂದಲೇ ಕಟ್ಟಬಹುದಾದ ಬಿಲ್ಲು ಅದು.

ಕಡಲಾಚೆ:
ಮಾರುಕಟ್ಟೆ ಪರ ಇರುವವರೆಲ್ಲ ಪಾಪ್ಯುಲಿಸಂನಿಂದ ದೂರ ಅಂತಲೂ ಅಲ್ಲ. ಅರ್ಜೆಂಟೀನಾದ ಮೆನೆಮ್ ಸಂಬಳ ಜೋರಾಗಿ ಏರಿಸುತ್ತೇನೆ ಅಂತ ಗೆದ್ದು ಬಂದರು, ಬಂದ ಮೇಲೆ ಸರ್ಕಾರಿ ಕಂಪನಿಗಳನ್ನು ಮಾರಿದರು. 1991ರಲ್ಲಿ ದೇಶದ ಹಣವನ್ನು ಡಾಲರ್ ಬೆಲೆಗೆ ಕಟ್ಟಿಹಾಕುವ ಕಾನೂನೇ ಮಾಡಿದರು, 1992ರಿಂದ 1 ಪೆಸೊ ಅಂದರೆ 1 ಡಾಲರ್. ಹತ್ತು ವರ್ಷ ಜನಕ್ಕೆ ತಾವು ಶ್ರೀಮಂತರು ಅನ್ನಿಸಿತು. 2001ರ ಡಿಸೆಂಬರಿನಲ್ಲಿ, ಮೆನೆಮ್ ಹೋಗಿ ಎರಡು ವರ್ಷವಾದ ಮೇಲೆ, ಬ್ಯಾಂಕಿನಿಂದ ವಾರಕ್ಕೆ 250 ಪೆಸೊ ಮಾತ್ರ ತೆಗೆಯಬಹುದು ಎಂದರು. ಜನ ತಟ್ಟೆ, ಬಾಣಲೆ ಬಡಿಯುತ್ತಾ ಬೀದಿಗಿಳಿದರು. ಸಾಲ ಮಾಡಿ ತುಪ್ಪ ತಿನ್ನಿಸಿದ್ದು ಅಲ್ಲೂ ಒಂದೇ. ತಿನ್ನಿಸುವ ಸೌಟು ಬೇರೆ ಇತ್ತು, ಅಷ್ಟೇ.

ಲೆಕ್ಕದ_ಪುಸ್ತಕ:
ಇದನ್ನು ಒಪ್ಪುತ್ತೇನೆ. ಹಾಗಾದರೆ ಪದ ಯಾವುದೇ ಇರಲಿ, ಗುರುತು ಒಂದು: ಬಿಲ್ಲನ್ನು ಜನಕ್ಕೆ ತೋರಿಸದೆ ಬಚ್ಚಿಡುವುದು. ಶ್ರೀಲಂಕಾ 2019ರ ಕೊನೆಯಲ್ಲಿ ವ್ಯಾಟ್ ತೆರಿಗೆಯನ್ನು ಶೇ. 15ರಿಂದ 8ಕ್ಕೆ ಇಳಿಸಿತು. 2021ರಲ್ಲಿ ಇದ್ದಕ್ಕಿದ್ದಂತೆ ರಾಸಾಯನಿಕ ಗೊಬ್ಬರ ನಿಷೇಧ. 2022ರ ಏಪ್ರಿಲ್‌ನಲ್ಲಿ ಸಾಲ ಕಟ್ಟಲು ಆಗುವುದಿಲ್ಲ ಎಂದಿತು. ತೆರಿಗೆ ಇಳಿಸಿದ ದಿನ ಯಾರೂ ಬಿಲ್ಲು ಕೇಳಲಿಲ್ಲ.

ತಿರುಗಾಡಿ:
ಬಚ್ಚಿಡುವುದಕ್ಕೆ ಈಜಿಪ್ಟಿನ ರೊಟ್ಟಿಗಿಂತ ಒಳ್ಳೇ ಉದಾಹರಣೆ ಇಲ್ಲ. 1977ರ ಜನವರಿಯಲ್ಲಿ ಸಾದತ್ ಸರ್ಕಾರ ಬೆಲೆ ಏರಿಸಿತು, ಎರಡು ದಿನದ ದಂಗೆಗೆ ಹೆದರಿ ಹಿಂದೆ ತೆಗೆದುಕೊಂಡಿತು. ಆಮೇಲೆ ಬಂದವರು ಬೆಲೆಯನ್ನು ಮುಟ್ಟಲು ಹೆದರಿದರು. ಸಬ್ಸಿಡಿ ರೊಟ್ಟಿ ಮೂವತ್ತು ವರ್ಷಕ್ಕೂ ಮೇಲೆ 5 ಪಿಯಾಸ್ಟರ್‌ಗೇ (ಅಲ್ಲಿನ ಪೈಸೆ) ನಿಂತಿತು. 2020ರಲ್ಲಿ ಬೆಲೆ ಮುಟ್ಟದೆ ತೂಕ ಇಳಿಸಿದರು: 110 ಗ್ರಾಂ ಇದ್ದದ್ದು 90. ಕೊನೆಗೆ 2024ರ ಜೂನ್‌ನಲ್ಲಿ ಬೆಲೆಯೇ 20 ಪಿಯಾಸ್ಟರ್ ಆಯಿತು. ಕೈಯಲ್ಲಿ ಹಿಡಿದ ಹೆಂಗಸಿಗೆ ಆ 20 ಗ್ರಾಂ ವ್ಯತ್ಯಾಸ ಗೊತ್ತಾಗದೆ ಇರುತ್ತದಾ? ಖಂಡಿತ ಗೊತ್ತಾಗುತ್ತದೆ.

ಮುಂಗಾರು:
ನನ್ನ ಎರಡನೇ ಪ್ರಶ್ನೆಗೆ ಇಂಡೋನೇಷ್ಯಾ ಬಿಟ್ಟರೆ ಬೇರೆ ಯಾವುದೂ ಇಲ್ಲವಾ?

ಅಕ್ಷರಾ:
ಬ್ರೆಜಿಲ್ ಇದೆ. ನನಗೆ ತುಂಬಾ ಇಷ್ಟವಾದ ಕಥೆ, ಸ್ವಲ್ಪ ಉದ್ದ ಬರೆಯುತ್ತೇನೆ.

1994ರ ಮಧ್ಯದಲ್ಲಿ ಅಲ್ಲಿ ಹಣದುಬ್ಬರ ತಿಂಗಳಿಗೆ ಶೇ. 40 ದಾಟಿತ್ತು. ವರ್ಷಕ್ಕಲ್ಲ, ತಿಂಗಳಿಗೆ. ಅಂಗಡಿಗಳಲ್ಲಿ ಬೆಲೆ ಚೀಟಿ ಅಂಟಿಸುವ ಪುಟ್ಟ ಮೆಷಿನ್ ಹಿಡಿದು ದಿನವೂ ಹಳೆ ಚೀಟಿ ಮೇಲೆ ಹೊಸ ಚೀಟಿ ಹೊಡೆಯುತ್ತಿದ್ದರು. ಸಂಬಳ ಬಂದ ದಿನವೇ ಜನ ತಿಂಗಳಿಗಾಗುವಷ್ಟು ದಿನಸಿ ತುಂಬಿಸಿಕೊಳ್ಳುತ್ತಿದ್ದರು, ನಾಳೆಗೆ ಆ ನೋಟಿಗೆ ಅಷ್ಟು ಬರುವುದಿಲ್ಲ. ಅದಕ್ಕೂ ಮುಂಚಿನ ಸರ್ಕಾರಗಳು ಬೆಲೆ ಸ್ತಂಭನ ಮಾಡಿ ನೋಡಿದ್ದವು. 1990ರಲ್ಲಿ ಕೊಲೊರ್ ಸರ್ಕಾರ ಜನರ ಉಳಿತಾಯದ ಖಾತೆಗಳನ್ನೇ ಹಿಡಿದಿಟ್ಟುಕೊಂಡಿತ್ತು. ನಂಬಿಕೆ ಪೂರ್ತಿ ಸತ್ತಿತ್ತು.

ಹಣಕಾಸು ಮಂತ್ರಿ ಫೆರ್ನಾಂಡೊ ಹೆನ್ರಿಕ್ ಕಾರ್ಡೊಸೊ ಅವರ ತಂಡ ಬೇರೆ ದಾರಿ ಹಿಡಿಯಿತು. ಮಾರ್ಚ್ 1ರಿಂದ ಯುಆರ್‌ವಿ ಎಂಬ ಲೆಕ್ಕದ ಅಳತೆ ತಂದರು. ಅದರ ನೋಟು ಇಲ್ಲ, ನಾಣ್ಯ ಇಲ್ಲ. ಸಂಬಳ, ಬಾಡಿಗೆ, ಬೆಲೆ ಎಲ್ಲವನ್ನೂ ಅದರಲ್ಲಿ ಬರೆಯಲು ಶುರು ಮಾಡಿದರು. ಕೊಡುವುದು ಮಾತ್ರ ಹಳೆಯ ನೋಟಿನಲ್ಲಿ, ಆ ದಿನದ ದರದಂತೆ. ಮುಂಚೆಯೇ ಹೇಳಿದ್ದರು: ಮುಂದೆ ಹೀಗೆ ಮಾಡುತ್ತೇವೆ, ಯಾವ ದಿನವೂ ನಿಮ್ಮನ್ನು ಬೆಚ್ಚಿಬೀಳಿಸುವುದಿಲ್ಲ ಅಂತ. ನಾಲ್ಕು ತಿಂಗಳು ಜನ ನೋಡಿದ್ದು ಇದನ್ನೇ. ಹಳೆಯ ನೋಟಿನ ಬೆಲೆ ದಿನವೂ ಓಡುತ್ತಿದೆ, ಯುಆರ್‌ವಿ ಬೆಲೆ ಹೆಚ್ಚುಕಡಿಮೆ ನಿಂತಲ್ಲೇ ನಿಂತಿದೆ. ಜುಲೈ 1ಕ್ಕೆ ಅದನ್ನೇ ರಿಯಾಲ್ ಎಂಬ ನೋಟಾಗಿ ಮಾಡಿದರು. 2,750 ಹಳೆಯ ಕ್ರುಸೈರೊ ರಿಯಾಲ್‌ಗೆ 1 ಹೊಸ ರಿಯಾಲ್. ಬೆಲೆ ನಿಂತಿತು. ಜಾಸ್ತಿ ಲಾಭ ಆದದ್ದು ಬ್ಯಾಂಕ್ ಖಾತೆ ಇಲ್ಲದೆ ನೋಟನ್ನೇ ಜೇಬಿನಲ್ಲಿ ಇಟ್ಟುಕೊಂಡಿದ್ದ ಬಡವರಿಗೆ. ಅಕ್ಟೋಬರಿನ ಚುನಾವಣೆಯಲ್ಲಿ ಕಾರ್ಡೊಸೊ ಮೊದಲ ಸುತ್ತಿನಲ್ಲೇ ಅಧ್ಯಕ್ಷರಾದರು, 1998ರಲ್ಲಿ ಮತ್ತೆ ಗೆದ್ದರು.

ಮುಂಗಾರು:
ಅಕ್ಷರಾ ಮೇಡಂ, ಇದನ್ನು ಎರಡು ಸಲ ಓದಿದೆ. ಹೇಳಿ ಮಾಡಿದ್ದಾರೆ, ಅದೇ ದೊಡ್ಡದು.

ಬಿಡಿಮಾತು:
ಕಾರ್ಡೊಸೊ 1998ರಲ್ಲಿ ಗೆದ್ದ ಕೂಡಲೇ, 1999ರ ಜನವರಿಯಲ್ಲಿ, ಡಾಲರ್ ಎದುರು ಹಿಡಿದಿಟ್ಟಿದ್ದ ರಿಯಾಲ್ ಮೌಲ್ಯ ಬೀಳಲು ಬಿಡಬೇಕಾಯಿತು. ಚುನಾವಣೆ ಮುಗಿಯುವ ತನಕ ಹಿಡಿದಿಟ್ಟುಕೊಂಡರು ಅಂತ ಆಗ ಟೀಕೆ ಬಂದಿತ್ತು. ಅವರೂ ಆ ಬಿಲ್ಲು ಬಚ್ಚಿಟ್ಟಿದ್ದರು ಅನ್ನಬಹುದು.

ಅಕ್ಷರಾ:
ಹೌದು, ಅದು ನಿಜ. ಆದರೆ ಆಮೇಲೂ ಹಳೆಯ ಹಣದುಬ್ಬರ ವಾಪಸ್ ಬರಲಿಲ್ಲ. 2002ರಲ್ಲಿ ಗೆದ್ದ ಎಡಪಂಥದ ಲೂಲಾ ಕೂಡ ರಿಯಾಲ್ ಮುಟ್ಟಲಿಲ್ಲ. ಬೋಲ್ಸಾ ಫಮಿಲಿಯಾ ಅದರ ಮೇಲೇ ನಿಂತದ್ದು. ಬೆಲೆ ಓಡುತ್ತಿದ್ದರೆ ತಾಯಿಯ ಕೈಗೆ ಕೊಟ್ಟ ಹಣಕ್ಕೆ ಏನು ಬೆಲೆ?

ಸಂಜೆಗಾಳಿ:
ಇರಾನ್‌ನಲ್ಲಿ ಆದದ್ದು ಅದೇ. 2010ರ ಡಿಸೆಂಬರಿನಲ್ಲಿ ಸಬ್ಸಿಡಿ ತೆಗೆಯುವ ಮುಂಚೆಯೇ ಎಲ್ಲರ ಖಾತೆಗೂ ಹಣ ಹಾಕಿದ್ದರು. ಖಾತೆಯಲ್ಲಿ ಕಾಣುತ್ತದೆ, ಬೆಲೆ ಏರುವ ದಿನದ ತನಕ ತೆಗೆಯಲು ಬರುವುದಿಲ್ಲ. ದಂಗೆ ಆಗಲಿಲ್ಲ. ತಿಂಗಳಿಗೆ ತಲಾ 4,55,000 ಇರಾನಿ ರಿಯಾಲ್, ಆಗಿನ ಲೆಕ್ಕಕ್ಕೆ ಸುಮಾರು 45 ಡಾಲರ್. ಮೊತ್ತ ಹಾಗೇ ಉಳಿಯಿತು, ರಿಯಾಲ್ ಕುಸಿಯುತ್ತಾ ಹೋಯಿತು. ಕೊನೆಗೆ ಅದು ಕೆಲವೇ ಡಾಲರ್.

ಪ್ರಶ್ನಾರ್ಥಕ:
ನನ್ನ ಬೊಲಿವಿಯಾ ಕಥೆಯ ಉಳಿದ ಭಾಗವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಒಂದು ಪಕ್ಷ ಹಿಡಿದಂತೆ ಆಗುತ್ತದೆ. ಮೊರಾಲೆಸ್ ಗ್ಯಾಸ್ ರಾಷ್ಟ್ರೀಕರಣ ಮಾಡಿದರೂ ಮೊದಲ ವರ್ಷಗಳಲ್ಲಿ ಬಜೆಟ್ ಮಿಗತೆ ಇಟ್ಟರು, ಡಾಲರ್ ಕೂಡಿಟ್ಟರು. ಆದರೆ ಅಗ್ಗದ ಇಂಧನ ಮುಂದುವರಿಸಿದರು. 2010ರ ಡಿಸೆಂಬರ್ 26ರಂದು ಹೇಳದೆ ಕೇಳದೆ ಬೆಲೆಯನ್ನು ಶೇ. 70ಕ್ಕೂ ಮೇಲೆ ಏರಿಸಿದರು. ಅವರಿಗೇ ಮತ ಹಾಕಿದ್ದ ಎಲ್ ಆಲ್ಟೋ ಜನ ಬೀದಿಗಿಳಿದರು. 31ನೇ ತಾರೀಖಿಗೆ ವಾಪಸ್ ತೆಗೆದುಕೊಂಡರು. ಮತ್ತೆ ಮುಟ್ಟಲಿಲ್ಲ. 2023ರ ಹೊತ್ತಿಗೆ ಕೂಡಿಟ್ಟ ಡಾಲರ್ ಕರಗಿ ಹೋಗಿತ್ತು, ಬ್ಯಾಂಕಿನ ಮುಂದೆ ಡಾಲರ್‌ಗೆ ಸಾಲು.

ಲೆಕ್ಕದ_ಪುಸ್ತಕ:
ಇದನ್ನು ನೀವೇ ಹೇಳಿದ್ದು ದೊಡ್ಡ ಮನಸ್ಸು ಸರ್.

ಮುಂಗಾರು:
ತಿರುಗಾಡಿಯವರೇ, ಒಂದು ಕೇಳಬೇಕಿತ್ತು. ಬೆಲೆ 97ಕ್ಕೆ ಇಳಿದ ಮೇಲೆ ಆ ದರ್ಜಿಗೆ ಸಮಾಧಾನ ಆಯಿತಾ?

ತಿರುಗಾಡಿ:
ಇಲ್ಲ. ಮೊದಲಿನ 65 ಎಲ್ಲಿ, 97 ಎಲ್ಲಿ? ಹೊಲಿಗೆಗೆ ಕೂಲಿ ಏರಿಸಿದ, ಗಿರಾಕಿ ಕಡಿಮೆಯಾದರು. 2015ರ ಜನವರಿಯಲ್ಲಿ, ಚುನಾವಣೆಗೆ ಎರಡು ತಿಂಗಳು ಇದ್ದಾಗ, ಅದೇ ಸರ್ಕಾರ ಬೆಲೆಯನ್ನು 87ಕ್ಕೆ ಇಳಿಸಿತು. ಫೋನಿನಲ್ಲಿ ಕೇಳಿದೆ. ಕರೆಂಟ್ ಇನ್ನೂ ಬಂದಿಲ್ಲ, ಹತ್ತು ನೈರಾಕ್ಕೆ ನಾನು ಮತ ಹಾಕಲ್ಲ ಅಂದ. ಅಧ್ಯಕ್ಷ ಜೊನಾಥನ್ ಆ ಚುನಾವಣೆ ಸೋತರು.

ಮುಂಗಾರು:
ಹಾಗಾದರೆ ಹಂಚಿದವರು ಗೆಲ್ಲುತ್ತಾರೆ ಅಂತ ನಾನು ತಲೆಬರಹದಲ್ಲಿ ಬರೆದದ್ದೇ ಪೂರ್ತಿ ಸರಿಯಲ್ಲ. ನಾಳೆ ಅದನ್ನು ತಿದ್ದುತ್ತೇನೆ. ಅಷ್ಟರಲ್ಲಿ ಯಾರಿಗಾದರೂ ಘಾನಾ ಬಗ್ಗೆ ಗೊತ್ತಿದ್ದರೆ ದಯವಿಟ್ಟು ಬರೆಯಿರಿ. ಎಡಪಂಥದಿಂದ ಬಂದ ಅಲ್ಲಿನ ನಾಯಕ ರಾಲಿಂಗ್ಸ್ 1983ರಲ್ಲಿ ಐಎಂಎಫ್ ದಾರಿಗೆ ತಿರುಗಿದರು, 1992ರ ಚುನಾವಣೆಯಲ್ಲೂ ಗೆದ್ದರು. ಆ ಒಂಬತ್ತು ವರ್ಷ ಕೋಕೋ ಬೆಳೆಗಾರರಿಗೆ ಏನಾಯಿತು ಅಂತ ತಿಳಿಯಬೇಕು.